ಅಪ್ರಾಪ್ತ ವಯಸ್ಸಿನ ಮಕ್ಕಳ ಸುಪರ್ದಿ, ಭೇಟಿಯ ಅವಕಾಶ ಹಾಗೂ ವಕೀಲರ ನೆರವು: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪತಿ-ಪತ್ನಿಯರು ಬೇರೆ ಬೇರೆಯಾಗಿ ವಾಸಿಸತೊಡಗಿದಾಗ ಅಥವಾ ವಿವಾಹ ವಿಚ್ಛೇದನಕ್ಕೆ ಮುಂದಾದಾಗ, ಹದಿನೆಂಟು ವರ್ಷ ತುಂಬದ ಮಕ್ಕಳು ಯಾರ ಬಳಿ ಇರತಕ್ಕದ್ದು, ಇನ್ನೊಬ್ಬರು ಮಗುವನ್ನು ಯಾವಾಗ ಮತ್ತು ಎಲ್ಲಿ ಕಾಣಬಹುದು, ಮಗುವಿನ ಪೋಷಣೆಯ ವೆಚ್ಚವನ್ನು ಯಾರು ಭರಿಸತಕ್ಕದ್ದು ಎಂಬ ಮೂರು ಪ್ರಶ್ನೆಗಳು ಉದ್ಭವಿಸುತ್ತವೆ. ಈ ಪ್ರಶ್ನೆಗಳನ್ನು ತೀರ್ಮಾನಿಸುವ ಅಧಿಕಾರವು ನ್ಯಾಯಾಲಯಕ್ಕೆ ಮಾತ್ರ ಇರುತ್ತದೆ. ಪೊಲೀಸ್ ಠಾಣೆಯಲ್ಲಿ ಬರೆಯಿಸಿದ ಮುಚ್ಚಳಿಕೆಯಾಗಲಿ, ಊರಿನ ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಮಾಡಿಕೊಂಡ ಕರಾರಾಗಲಿ ಮಗುವಿನ ಹಿತವನ್ನು ಪರಿಶೀಲಿಸುವ ನ್ಯಾಯಾಲಯದ ಅಧಿಕಾರವನ್ನು ಮೊಟಕುಗೊಳಿಸುವುದಿಲ್ಲ. ಅಂತಹ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದ ತಾಯಿ ಅಥವಾ ತಂದೆಯು ತರುವಾಯ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ಯಾವುದೇ ಅಡ್ಡಿ ಇರುವುದಿಲ್ಲ.

ವಕೀಲರ ಶುಲ್ಕ ಭರಿಸಲಾಗದು ಎಂಬ ಕಾರಣಕ್ಕಾಗಿ ಯಾರೂ ಅರ್ಜಿ ಸಲ್ಲಿಸುವುದನ್ನು ಮುಂದೂಡಬೇಕಾಗಿಲ್ಲ. ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ವಿಳಂಬವಾದಷ್ಟೂ ಮಗು ಒಂದು ಮನೆಗೆ ಮತ್ತು ಒಂದು ಶಾಲೆಗೆ ಹೊಂದಿಕೊಂಡುಬಿಡುತ್ತದೆ. ಹಾಗೆ ಹೊಂದಿಕೊಂಡ ಮಗುವನ್ನು ಅಲ್ಲಿಂದ ಕದಲಿಸಲು ನ್ಯಾಯಾಲಯವು ಸಹಜವಾಗಿಯೇ ಹಿಂದೆ ಮುಂದೆ ನೋಡುತ್ತದೆ. ಆದಕಾರಣ ಸಕಾಲದಲ್ಲಿ ಅರ್ಜಿ ಸಲ್ಲಿಸುವುದು ಅತ್ಯಂತ ಮುಖ್ಯವಾದ ಸಂಗತಿಯಾಗಿದೆ.

2. ಕೆಲವು ಪದಗಳ ಅರ್ಥ

ಪಾಲಕತ್ವ: ಮಗುವಿನ ಶರೀರ ಮತ್ತು ಆಸ್ತಿಯ ಬಗ್ಗೆ ಕಾನೂನುಬದ್ಧವಾಗಿ ತೀರ್ಮಾನ ಕೈಗೊಳ್ಳುವ ಅಧಿಕಾರ.

ಸುಪರ್ದಿ ಅಥವಾ ಅಭಿರಕ್ಷೆ: ಮಗುವನ್ನು ದಿನನಿತ್ಯ ತಮ್ಮ ಬಳಿ ಇರಿಸಿಕೊಂಡು ಪಾಲನೆ ಮಾಡುವ ಹೊಣೆ. ಪಾಲಕತ್ವ ಒಬ್ಬರಲ್ಲಿದ್ದು ಸುಪರ್ದಿ ಮತ್ತೊಬ್ಬರಲ್ಲಿ ಇರಬಹುದಾಗಿದೆ.

ಮಧ್ಯಂತರ ಸುಪರ್ದಿ: ಪ್ರಕರಣವು ಇತ್ಯರ್ಥವಾಗುವವರೆಗೆ ಮಗು ಯಾರ ಬಳಿ ಇರತಕ್ಕದ್ದೆಂಬ ತಾತ್ಕಾಲಿಕ ಆದೇಶ.

ಭೇಟಿಯ ಅವಕಾಶ: ಸುಪರ್ದಿ ಇಲ್ಲದ ತಾಯಿ ಅಥವಾ ತಂದೆಯು ಗೊತ್ತುಪಡಿಸಿದ ದಿನಗಳಂದು ಮಗುವನ್ನು ಕಾಣಲು, ತಮ್ಮೊಡನೆ ಇರಿಸಿಕೊಳ್ಳಲು ಹಾಗೂ ದೂರವಾಣಿಯಲ್ಲಿ ಮಾತನಾಡಲು ನ್ಯಾಯಾಲಯವು ನೀಡುವ ಅವಕಾಶ.

ಜಂಟಿ ಸುಪರ್ದಿ: ಮಗುವಿನ ಪಾಲನೆಯ ಅವಧಿಯನ್ನು ಇಬ್ಬರಿಗೂ ಹಂಚಿಕೊಡುವ ವ್ಯವಸ್ಥೆ.

3. ಅನ್ವಯವಾಗುವ ಕಾನೂನುಗಳು

(ಅ) ಪಾಲಕರು ಮತ್ತು ಪಾಲಿತರ ಅಧಿನಿಯಮ, 1890: ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಪಾಲಕರ ನೇಮಕ (ಕಲಂ 7), ಮಧ್ಯಂತರ ಆದೇಶ (ಕಲಂ 12), ಪರಿಗಣಿಸಬೇಕಾದ ಅಂಶಗಳು (ಕಲಂ 17) ಮತ್ತು ಮಗುವನ್ನು ಪಾಲಕರ ಸುಪರ್ದಿಗೆ ಹಿಂದಿರುಗಿಸುವುದು (ಕಲಂ 25) ಇದರಲ್ಲಿನ ಮುಖ್ಯ ಉಪಬಂಧಗಳಾಗಿವೆ.

(ಆ) ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ, 1956: ಕಲಂ 6ರ ಪ್ರಕಾರ ತಂದೆ ಹಾಗೂ ಆತನ ನಂತರ ತಾಯಿಯು ಸ್ವಾಭಾವಿಕ ಪಾಲಕರು. ಆದರೆ ಐದು ವರ್ಷ ತುಂಬದ ಮಗುವಿನ ಸುಪರ್ದಿಯು ಸಾಮಾನ್ಯವಾಗಿ ತಾಯಿಯಲ್ಲಿರತಕ್ಕದ್ದೆಂದು ಅದೇ ಕಲಮಿನಲ್ಲಿ ಹೇಳಲಾಗಿದೆ. ‘ಆತನ ನಂತರ’ ಎಂದರೆ ‘ತಂದೆಯ ಮರಣಾನಂತರ’ ಎಂದಷ್ಟೇ ಅರ್ಥವಲ್ಲ; ತಂದೆಯು ಮಗುವಿನ ಬಗ್ಗೆ ಹೊಣೆ ವಹಿಸದೆ ದೂರವಿದ್ದಾಗಲೂ ತಾಯಿಯೇ ಸ್ವಾಭಾವಿಕ ಪಾಲಕಳು ಎಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿರುತ್ತದೆ. ಕಲಂ 13ರ ಪ್ರಕಾರ ಮಗುವಿನ ಹಿತವೇ ಸರ್ವೋಪರಿ.

(ಇ) ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 26; ವಿಶೇಷ ವಿವಾಹ ಅಧಿನಿಯಮ, 1954ರ ಕಲಂ 38; ಕ್ರೈಸ್ತರಿಗೆ ಸಂಬಂಧಿಸಿದ ವಿಚ್ಛೇದನ ಅಧಿನಿಯಮ, 1869ರ ಕಲಂ 41ರಿಂದ 44: ವಿಚ್ಛೇದನ ಮುಂತಾದ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದಲ್ಲಿಯೇ ಮಕ್ಕಳ ಸುಪರ್ದಿ, ಪೋಷಣೆ ಮತ್ತು ವಿದ್ಯಾಭ್ಯಾಸದ ಬಗ್ಗೆ ಆದೇಶ ಪಡೆಯಬಹುದಾಗಿದೆ.

(ಈ) ಮುಸ್ಲಿಂ ವೈಯಕ್ತಿಕ ಕಾನೂನು: ಹನಫಿ ಪದ್ಧತಿಯಂತೆ ಗಂಡುಮಗುವಿಗೆ ಏಳು ವರ್ಷ ತುಂಬುವವರೆಗೆ ಹಾಗೂ ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಮಗುವನ್ನು ಬಳಿಯಲ್ಲಿರಿಸಿಕೊಳ್ಳುವ ಹಕ್ಕು ತಾಯಿಗಿರುತ್ತದೆ. ಇದಕ್ಕೆ ‘ಹಿಜಾನತ್’ ಎಂದು ಹೆಸರು. 1890ರ ಅಧಿನಿಯಮದಡಿ ಅರ್ಜಿ ವಿಚಾರಣೆಗೆ ಬಂದಾಗ ನ್ಯಾಯಾಲಯವು ವೈಯಕ್ತಿಕ ಕಾನೂನಿನ ಜೊತೆಗೆ ಮಗುವಿನ ಹಿತವನ್ನೂ ನೋಡುತ್ತದೆ.

(ಉ) ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005: ಹಿಂಸೆಗೊಳಗಾದ ಮಹಿಳೆಯು ಮ್ಯಾಜಿಸ್ಟ್ರೇಟರಿಗೆ ಕಲಂ 12ರಡಿ ಅರ್ಜಿ ಸಲ್ಲಿಸಿ, ಕಲಂ 21ರಡಿ ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ಕೋರಬಹುದು. ಭೇಟಿಯಿಂದ ಮಗುವಿಗೆ ಹಾನಿಯಾಗುವ ಸಂಭವವಿದ್ದಲ್ಲಿ ಭೇಟಿಯನ್ನು ನಿರಾಕರಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

4. ಸುಪರ್ದಿ ನೀಡುವಾಗ ಪರಿಗಣಿಸುವ ಅಂಶಗಳು

ಮಕ್ಕಳು ತಂದೆ ತಾಯಿಯರ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ಎತ್ತಿಹಿಡಿದಿದೆ. ಆದುದರಿಂದ ಯಾರ ತಪ್ಪಿನಿಂದ ಸಂಸಾರ ಮುರಿಯಿತು ಎಂಬುದಕ್ಕಿಂತ ಮಗು ಎಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂಬುದೇ ಪ್ರಧಾನವಾದ ಪ್ರಶ್ನೆ. ನ್ಯಾಯಾಲಯವು ಸಾಮಾನ್ಯವಾಗಿ ಈ ಕೆಳಕಂಡ ಅಂಶಗಳನ್ನು ಗಮನಿಸುತ್ತದೆ.

• ಮಗುವಿನ ವಯಸ್ಸು, ಲಿಂಗ, ಆರೋಗ್ಯ ಮತ್ತು ಧರ್ಮ.
• ಇದುವರೆಗೆ ಮಗುವಿನ ಊಟ, ಸ್ನಾನ, ಶಾಲೆ, ಔಷಧೋಪಚಾರವನ್ನು ನೋಡಿಕೊಂಡವರು ಯಾರು.
• ಶಾಲೆ ಅಥವಾ ಅಂಗನವಾಡಿಯ ಮುಂದುವರಿಕೆ; ಅಣ್ಣ ತಮ್ಮ ಅಕ್ಕ ತಂಗಿಯರನ್ನು ಬೇರ್ಪಡಿಸದಿರುವುದು.
• ತಂದೆ ತಾಯಿಯರ ನಡವಳಿಕೆ, ಮದ್ಯವ್ಯಸನ, ಹಿಂಸೆಯ ಇತಿಹಾಸ.
• ಮನೆಯಲ್ಲಿರುವ ಅಜ್ಜ ಅಜ್ಜಿ ಮುಂತಾದ ಹಿರಿಯರ ಆಸರೆ.
• ವಿವೇಚಿಸಿ ಹೇಳುವಷ್ಟು ದೊಡ್ಡದಾಗಿದ್ದಲ್ಲಿ ಮಗುವಿನ ಇಚ್ಛೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿಕೊಂಡು ಪ್ರತ್ಯೇಕವಾಗಿ ಮಾತನಾಡಿಸಬಹುದು.

ಹೆಚ್ಚು ಆದಾಯ ಅಥವಾ ಹೆಚ್ಚು ಜಮೀನು ಹೊಂದಿರುವುದು ಒಂದೇ ಸುಪರ್ದಿಗೆ ಆಧಾರವಾಗುವುದಿಲ್ಲ. ತಾಯಿಗೆ ಸ್ವಂತ ಆದಾಯವಿಲ್ಲದಿದ್ದರೆ ಮಗುವಿನ ಜೀವನಾಂಶವನ್ನು ತಂದೆಯಿಂದ ಕೊಡಿಸಬಹುದೇ ಹೊರತು ಆ ಕಾರಣಕ್ಕಾಗಿ ಮಗುವನ್ನು ಆಕೆಯಿಂದ ಬೇರ್ಪಡಿಸಲಾಗುವುದಿಲ್ಲ. ಐದು ವರ್ಷದೊಳಗಿನ ಮಗುವಿನ ವಿಷಯದಲ್ಲಿ, ತಾಯಿಯು ಸುಪರ್ದಿಗೆ ಯೋಗ್ಯಳಲ್ಲವೆಂದು ರುಜುವಾತುಪಡಿಸುವ ಹೊಣೆಯು ತಂದೆಯ ಮೇಲಿರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿರುತ್ತದೆ. ಹಾಗೆಂದು ತಂದೆಗೆ ಸುಪರ್ದಿ ದೊರೆಯುವುದೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಮಗುವಿನ ಹಿತವು ತಂದೆಯ ಬಳಿ ಇದೆಯೆಂದು ಕಂಡುಬಂದಲ್ಲಿ ತಂದೆಗೇ ಸುಪರ್ದಿ ನೀಡಲಾಗುತ್ತದೆ.

ಜಂಟಿ ಸುಪರ್ದಿಗೆ ನಿದರ್ಶನ: 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಹನ್ನೆರಡು ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ, ಪ್ರತಿ ವರ್ಷ ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ ಮತ್ತು ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರುವಂತೆ ಆದೇಶಿಸಿತು. ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಶನಿವಾರ ಮತ್ತು ಭಾನುವಾರಗಳಂದು ಭೇಟಿಯಾಗಲು, ದೂರವಾಣಿ ಹಾಗೂ ವಿಡಿಯೋ ಮೂಲಕ ಮಾತನಾಡಲು ಅವಕಾಶ ನೀಡಿ, ವಿದ್ಯಾಭ್ಯಾಸದ ವೆಚ್ಚವನ್ನು ಇಬ್ಬರೂ ಸಮನಾಗಿ ಭರಿಸುವಂತೆ ಸೂಚಿಸಿತು. ಈ ತೀರ್ಪನ್ನು ಭಾರತದ ಕಾನೂನು ಆಯೋಗವು 2015ರ ತನ್ನ 257ನೇ ವರದಿಯಲ್ಲಿ ಉಲ್ಲೇಖಿಸಿದೆ. ಇಂತಹ ವ್ಯವಸ್ಥೆಯು ಇಬ್ಬರೂ ಒಂದೇ ಊರಿನಲ್ಲಿ ಅಥವಾ ಒಂದೇ ಶಾಲೆಗೆ ಹೋಗಿಬರುವಷ್ಟು ಹತ್ತಿರದಲ್ಲಿ ವಾಸಿಸುವಾಗ ಹೆಚ್ಚು ಅನುಕೂಲಕರ.

5. ಯಾವ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸತಕ್ಕದ್ದು

1890ರ ಅಧಿನಿಯಮದ ಕಲಂ 9ರ ಪ್ರಕಾರ ಮಗುವು ಸಾಮಾನ್ಯವಾಗಿ ವಾಸಿಸುವ ಸ್ಥಳದ ಮೇಲೆ ಅಧಿಕಾರವ್ಯಾಪ್ತಿ ಹೊಂದಿರುವ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತಂದೆಯ ಅಥವಾ ತಾಯಿಯ ಸ್ವಂತ ಊರು ಯಾವುದೆಂಬುದು ಇಲ್ಲಿ ಮುಖ್ಯವಲ್ಲ.

ಈ ಎರಡು ತಾಲ್ಲೂಕುಗಳು ಜಿಲ್ಲೆಯ ಗಡಿಯಲ್ಲಿರುವುದರಿಂದ ಇದು ಮಹತ್ವದ ಸಂಗತಿಯಾಗಿದೆ. ಶಿಕಾರಿಪುರಕ್ಕೆ ಹಾವೇರಿ ಜಿಲ್ಲೆಯ ಹಿರೇಕೆರೂರು, ಸೊರಬಕ್ಕೆ ಅದೇ ಜಿಲ್ಲೆಯ ಹಾನಗಲ್ ಮತ್ತು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ತಾಲ್ಲೂಕುಗಳು ಹೊಂದಿಕೊಂಡಿದ್ದು, ವಿವಾಹ ಸಂಬಂಧಗಳು ಗಡಿಯ ಎರಡೂ ಕಡೆ ಬೆಳೆದುಬಂದಿವೆ. ಉದಾಹರಣೆಗೆ, ಶಿಕಾರಿಪುರ ತಾಲ್ಲೂಕಿನ ಪತಿಯ ಮನೆಯನ್ನು ತೊರೆದ ತಾಯಿಯು ಮಗುವಿನೊಂದಿಗೆ ಹಿರೇಕೆರೂರಿನ ತವರಿನಲ್ಲಿ ನೆಲೆಸಿ, ಮಗು ಅಲ್ಲಿಯ ಶಾಲೆಗೆ ಸೇರಿ ಒಂದು ವರ್ಷ ಕಳೆದಿದ್ದಲ್ಲಿ, ಮಗುವಿನ ಸಾಮಾನ್ಯ ವಾಸಸ್ಥಳ ಹಿರೇಕೆರೂರು ಎಂದು ಪರಿಗಣಿಸುವ ಸಂಭವವಿರುತ್ತದೆ. ಆಗ ಅರ್ಜಿಯು ಹಾವೇರಿ ಜಿಲ್ಲೆಯ ನ್ಯಾಯಾಲಯಕ್ಕೆ ಹೋಗುತ್ತದೆ. ಮುಂದೆ ಉಚ್ಚ ನ್ಯಾಯಾಲಯಕ್ಕೆ ಹೋಗುವ ಸಂದರ್ಭ ಬಂದರೆ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳು ಬೆಂಗಳೂರಿನ ಪ್ರಧಾನ ಪೀಠಕ್ಕೂ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಪ್ರಕರಣಗಳು ಧಾರವಾಡ ಪೀಠಕ್ಕೂ ಹೋಗುತ್ತವೆ. ಆದರೆ ಅರ್ಜಿ ಸಲ್ಲಿಸುವ ಮುನ್ನ ಮಗುವನ್ನು ಉಪಾಯದಿಂದ ಬೇರೆ ಊರಿಗೆ ಸಾಗಿಸಿದ ಮಾತ್ರಕ್ಕೆ ಸಾಮಾನ್ಯ ವಾಸಸ್ಥಳ ಬದಲಾಗುವುದಿಲ್ಲ.

ಶಿಕಾರಿಪುರ ಮತ್ತು ಸೊರಬ ಪಟ್ಟಣಗಳಲ್ಲಿ ಸಿವಿಲ್ ಹಾಗೂ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ಮತ್ತು ಜಿಲ್ಲಾ ಕೇಂದ್ರವಾದ ಶಿವಮೊಗ್ಗದಲ್ಲಿ ಜಿಲ್ಲಾ ನ್ಯಾಯಾಲಯ ಹಾಗೂ ಕೌಟುಂಬಿಕ ನ್ಯಾಯಾಲಯವಿರುತ್ತವೆ. ಕೋರಿಕೆಯ ಸ್ವರೂಪಕ್ಕೆ ಅನುಗುಣವಾಗಿ ನ್ಯಾಯಾಲಯವು ಬದಲಾಗುವುದರಿಂದ, ಯಾವ ನ್ಯಾಯಾಲಯದಲ್ಲಿ ಅರ್ಜಿ ದಾಖಲಿಸಬೇಕೆಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಛೇರಿಯಲ್ಲಿ ಅಥವಾ ವಕೀಲರಲ್ಲಿ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಕೌಟುಂಬಿಕ ಹಿಂಸೆಯ ಅರ್ಜಿಯನ್ನು ಮಹಿಳೆಯು ತಾತ್ಕಾಲಿಕವಾಗಿ ವಾಸಿಸುತ್ತಿರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿಯೂ ಸಲ್ಲಿಸಬಹುದಾಗಿದೆ.

6. ಭೇಟಿಯ ಅವಕಾಶ

ಸುಪರ್ದಿ ಒಬ್ಬರಿಗೆ ದೊರೆತ ಮಾತ್ರಕ್ಕೆ ಇನ್ನೊಬ್ಬರು ತಂದೆ ಅಥವಾ ತಾಯಿ ಅಲ್ಲವೆಂದಾಗುವುದಿಲ್ಲ. ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದ್ದು, ಭೇಟಿಯ ಜೊತೆಗೆ ಪ್ರತಿದಿನ ಐದು ಹತ್ತು ನಿಮಿಷ ದೂರವಾಣಿಯಲ್ಲಿ ಮಾತನಾಡುವ ಅವಕಾಶವೂ ಇರತಕ್ಕದ್ದೆಂದು ಅಭಿಪ್ರಾಯಪಟ್ಟಿದೆ.

ಭೇಟಿಯ ಆದೇಶವು ಅಸ್ಪಷ್ಟವಾಗಿದ್ದಲ್ಲಿ ಪ್ರತಿ ಭೇಟಿಯೂ ಹೊಸ ಜಗಳಕ್ಕೆ ಕಾರಣವಾಗುತ್ತದೆ. ‘ತಂದೆಯು ತಿಂಗಳಿಗೆ ಎರಡು ಬಾರಿ ಮಗುವನ್ನು ನೋಡಬಹುದು’ ಎಂದಷ್ಟೇ ಇದ್ದರೆ ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಎಂಬುದು ತಿಳಿಯುವುದಿಲ್ಲ. ಆದೇಶ ಪಾಲನೆಯಾಗಲಿಲ್ಲವೆಂದು ರುಜುವಾತುಪಡಿಸುವುದೂ ಕಷ್ಟ. ಆದುದರಿಂದ ಅರ್ಜಿಯಲ್ಲಿಯೇ ಈ ಕೆಳಕಂಡ ವಿವರಗಳನ್ನು ಕೋರುವುದು ಸೂಕ್ತ.

• ದಿನ ಮತ್ತು ವೇಳೆ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ’ ಎಂಬಂತೆ.
• ಸ್ಥಳ: ಆರಂಭದಲ್ಲಿ ನ್ಯಾಯಾಲಯದ ಆವರಣ ಅಥವಾ ಇಬ್ಬರಿಗೂ ಒಪ್ಪಿಗೆಯಾದ ಬಂಧುಗಳ ಮನೆ. ಒಬ್ಬರು ಸೊರಬದಲ್ಲಿ, ಇನ್ನೊಬ್ಬರು ಶಿಕಾರಿಪುರದಲ್ಲಿದ್ದಲ್ಲಿ ಎರಡರ ನಡುವೆ ಬರುವ ಶಿರಾಳಕೊಪ್ಪದಂತಹ ಸ್ಥಳವನ್ನು ಸೂಚಿಸಬಹುದು.
• ಕರೆತರುವವರು: ಮಗುವನ್ನು ಯಾರು ಕರೆತರತಕ್ಕದ್ದು, ಯಾರು ಹಿಂದಕ್ಕೆ ಬಿಡತಕ್ಕದ್ದು, ಪ್ರಯಾಣದ ವೆಚ್ಚ ಯಾರದು. ವೇಳೆಯನ್ನು ನಿಗದಿಪಡಿಸುವಾಗ ಆ ಊರಿಗೆ ಬರುವ ಕೊನೆಯ ಬಸ್ಸಿನ ಸಮಯವನ್ನು ಗಮನಿಸತಕ್ಕದ್ದು.
• ರಜೆ: ಬೇಸಿಗೆ ಮತ್ತು ದಸರಾ ರಜೆಯನ್ನು ಹೇಗೆ ಹಂಚಿಕೊಳ್ಳಬೇಕು.
• ಹಬ್ಬ ಮತ್ತು ಜಾತ್ರೆ: ದೀಪಾವಳಿ, ರಂಜಾನ್, ಕ್ರಿಸ್‌ಮಸ್, ಶಿಕಾರಿಪುರದ ಹುಚ್ಚರಾಯಸ್ವಾಮಿ ರಥೋತ್ಸವ, ಚಂದ್ರಗುತ್ತಿಯ ರೇಣುಕಾಂಬಾ ಜಾತ್ರೆ ಮುಂತಾದ ದಿನಗಳನ್ನು ಒಂದು ವರ್ಷ ಒಬ್ಬರಿಗೆ, ಮರುವರ್ಷ ಇನ್ನೊಬ್ಬರಿಗೆ ಎಂದು ಗೊತ್ತುಪಡಿಸಬಹುದು.
• ದುಡಿಮೆಯ ಕಾಲ: ಅಡಿಕೆ ಕೊಯ್ಲು, ಭತ್ತದ ನಾಟಿ ಮುಂತಾದ ಕೆಲಸಗಳಿಂದ ಬರಲಾಗದ ವಾರಗಳಿಗೆ ಬದಲಿ ದಿನ.
• ಪರೀಕ್ಷೆ ಮತ್ತು ಅನಾರೋಗ್ಯ: ಭೇಟಿ ತಪ್ಪಿದಲ್ಲಿ ಬದಲಿ ದಿನ ಯಾವುದು, ಎಷ್ಟು ಮೊದಲು ತಿಳಿಸತಕ್ಕದ್ದು.
• ದೂರವಾಣಿ: ಕರೆ ಮಾಡುವ ವೇಳೆ ಮತ್ತು ಬಳಸುವ ಸಂಖ್ಯೆ.
• ಶಾಲೆ: ಅಂಕಪಟ್ಟಿ ಮತ್ತು ಪೋಷಕರ ಸಭೆಯ ಮಾಹಿತಿ ಇಬ್ಬರಿಗೂ ದೊರೆಯುವುದು.

ಬಹಳ ಕಾಲ ದೂರವಿದ್ದ ತಂದೆ ಅಥವಾ ತಾಯಿಯನ್ನು ಕಂಡಾಗ ಮಗು ಅಳುವುದು, ಹತ್ತಿರ ಬರಲು ಹಿಂಜರಿಯುವುದು ಸಹಜ. ಇದರಿಂದ ಎದೆಗುಂದದೆ, ಮೊದಲು ಒಂದೆರಡು ಗಂಟೆಗಳ ಭೇಟಿಯನ್ನು ಕೋರಿ, ಮಗು ಹೊಂದಿಕೊಂಡ ಮೇಲೆ ಇಡೀ ದಿನದ ಹಾಗೂ ರಾತ್ರಿ ತಂಗುವ ಅವಕಾಶವನ್ನು ಹಂತ ಹಂತವಾಗಿ ಕೋರುವುದು ಉತ್ತಮ. ಮಗುವಿನ ಮುಂದೆ ಇನ್ನೊಬ್ಬರನ್ನು ಹಳಿಯುವುದು, ಪ್ರಕರಣದ ಬಗ್ಗೆ ಪ್ರಶ್ನಿಸುವುದು, ಮಗುವಿನ ಉತ್ತರಗಳನ್ನು ಚಿತ್ರೀಕರಿಸುವುದು ಮಗುವಿಗೆ ನೋವುಂಟುಮಾಡುತ್ತದೆ. ಇಂತಹ ನಡವಳಿಕೆಯನ್ನು ನ್ಯಾಯಾಲಯವೂ ಗಮನಿಸುತ್ತದೆ.

ಜೀವನಾಂಶ ಮತ್ತು ಭೇಟಿ ಇವೆರಡೂ ಪ್ರತ್ಯೇಕ ಬಾಧ್ಯತೆಗಳು. ಜೀವನಾಂಶ ಪಾವತಿಯಾಗಿಲ್ಲವೆಂದು ಭೇಟಿಯನ್ನು ತಡೆಯುವುದಾಗಲಿ, ಭೇಟಿ ಕೊಡಲಿಲ್ಲವೆಂದು ಜೀವನಾಂಶವನ್ನು ನಿಲ್ಲಿಸುವುದಾಗಲಿ ಸರಿಯಲ್ಲ. ಎರಡಕ್ಕೂ ನ್ಯಾಯಾಲಯದಲ್ಲಿ ಪ್ರತ್ಯೇಕ ಪರಿಹಾರವಿರುತ್ತದೆ.

7. ಅರ್ಜಿ ಸಲ್ಲಿಸುವ ವಿಧಾನ

ಹಂತ 1: ವಕೀಲರ ಮೂಲಕ ಅರ್ಜಿಯನ್ನು ಸಿದ್ಧಪಡಿಸುವುದು. ಮಗುವಿನ ಹೆಸರು, ಜನ್ಮ ದಿನಾಂಕ, ವಾಸಸ್ಥಳ, ಈಗ ಯಾರ ಬಳಿ ಇದೆ, ಹಿಂದೆ ಯಾವುದಾದರೂ ಅರ್ಜಿ ಸಲ್ಲಿಸಲಾಗಿದೆಯೇ ಎಂಬ ವಿವರಗಳು ಕಡ್ಡಾಯ.

ಹಂತ 2: ಮುಖ್ಯ ಅರ್ಜಿಯೊಂದಿಗೆ ಮಧ್ಯಂತರ ಸುಪರ್ದಿ ಅಥವಾ ಮಧ್ಯಂತರ ಭೇಟಿಗಾಗಿ ಪ್ರತ್ಯೇಕ ಅರ್ಜಿ ಸಲ್ಲಿಸುವುದು. ಮುಖ್ಯ ಪ್ರಕರಣ ಮುಗಿಯಲು ಕಾಲ ಹಿಡಿಯುವುದರಿಂದ ಈ ಅರ್ಜಿಯನ್ನು ಯಾವ ಕಾರಣಕ್ಕೂ ಬಿಡತಕ್ಕದ್ದಲ್ಲ.

ಹಂತ 3: ಎದುರುದಾರರಿಗೆ ನೋಟಿಸು ಜಾರಿ ಮತ್ತು ಅವರ ತಕರಾರು ಸಲ್ಲಿಕೆ.

ಹಂತ 4: ರಾಜಿ ಸಂಧಾನ. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ, 1984ರ ಕಲಂ 9ರಂತೆ ರಾಜಿಗೆ ಪ್ರಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯ. ಒಪ್ಪಿಗೆಯಾದಲ್ಲಿ ಷರತ್ತುಗಳನ್ನು ಓದಿ, ಅರ್ಥಮಾಡಿಕೊಂಡು ಸಹಿ ಮಾಡತಕ್ಕದ್ದು. ಒಪ್ಪಿಗೆಯ ಮೇಲೆ ಆ ನ್ಯಾಯಾಲಯವು ಮಾಡಿದ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ.

ಹಂತ 5: ರಾಜಿಯಾಗದಿದ್ದಲ್ಲಿ ಸಾಕ್ಷ್ಯ ವಿಚಾರಣೆ, ವಾದ ಮತ್ತು ಆದೇಶ. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸತಕ್ಕದ್ದು. ಇತರ ನ್ಯಾಯಾಲಯಗಳ ಆದೇಶವಾಗಿದ್ದಲ್ಲಿ ಮೇಲ್ಮನವಿಯ ಅವಧಿಯನ್ನು ಆದೇಶದ ದಿನವೇ ವಕೀಲರಿಂದ ತಿಳಿದುಕೊಳ್ಳತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು:

• ಮಗುವಿನ ಜನನ ಪ್ರಮಾಣ ಪತ್ರ.
• ಶಾಲಾ ವ್ಯಾಸಂಗ ಪ್ರಮಾಣ ಪತ್ರ ಅಥವಾ ಅಂಗನವಾಡಿ ದಾಖಲೆ (ಮಗುವಿನ ವಾಸಸ್ಥಳಕ್ಕೆ ಇದು ಮುಖ್ಯ ಆಧಾರ).
• ವಿವಾಹ ನೋಂದಣಿ ಪತ್ರ. ಇಲ್ಲದಿದ್ದಲ್ಲಿ ಲಗ್ನಪತ್ರಿಕೆ ಮತ್ತು ಭಾವಚಿತ್ರ.
• ಆಧಾರ್ ಕಾರ್ಡ್, ಪಡಿತರ ಚೀಟಿ.
• ತಾಯಿ ಕಾರ್ಡ್, ಲಸಿಕೆ ಮತ್ತು ಚಿಕಿತ್ಸೆಯ ದಾಖಲೆಗಳು.
• ಶಾಲಾ ಶುಲ್ಕ, ಔಷಧ ಮುಂತಾದ ವೆಚ್ಚದ ರಸೀದಿಗಳು.
• ಆದಾಯದ ದಾಖಲೆ, ಪಹಣಿ, ವೇತನ ಪತ್ರ. ಜೀವನಾಂಶ ಕೋರಿದಲ್ಲಿ ಸರ್ವೋಚ್ಚ ನ್ಯಾಯಾಲಯದ 2020ರ ನಿರ್ದೇಶನದಂತೆ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸತಕ್ಕದ್ದು.
• ಹಿಂಸೆ ನಡೆದಿದ್ದಲ್ಲಿ ಪೊಲೀಸ್ ದೂರು ಮತ್ತು ವೈದ್ಯಕೀಯ ದಾಖಲೆಗಳ ಪ್ರತಿ.

ದಾಖಲೆಗಳು ಪತಿಯ ಅಥವಾ ಪತ್ನಿಯ ಮನೆಯಲ್ಲಿಯೇ ಉಳಿದಿದ್ದಲ್ಲಿ ಅರ್ಜಿಯನ್ನು ತಡೆಹಿಡಿಯಬೇಕಾಗಿಲ್ಲ. ಜನನ ಪ್ರಮಾಣ ಪತ್ರದ ಪ್ರತಿಯನ್ನು ಜನನ ನೋಂದಣಾಧಿಕಾರಿಯಿಂದಲೂ, ವ್ಯಾಸಂಗ ಪತ್ರವನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದಲೂ ಪಡೆಯಬಹುದಾಗಿದೆ.

8. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಪ್ರಕಾರ ಮಹಿಳೆಯರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಮುಂತಾದವರು ಆದಾಯದ ಮಿತಿಯಿಲ್ಲದೆ ಅರ್ಹರು. ಈ ವರ್ಗಗಳಿಗೆ ಸೇರದ ಪುರುಷರು ರಾಜ್ಯ ಸರ್ಕಾರವು ನಿಗದಿಪಡಿಸಿದ ವಾರ್ಷಿಕ ಆದಾಯದ ಮಿತಿಯೊಳಗಿದ್ದಲ್ಲಿ ಅರ್ಹರು. ಆದಾಯದ ಬಗ್ಗೆ ಅರ್ಜಿದಾರರ ಪ್ರಮಾಣಪತ್ರವನ್ನೇ ಸಾಕಷ್ಟು ಆಧಾರವೆಂದು ಪರಿಗಣಿಸಬಹುದು.

ಎಲ್ಲಿ: ಶಿಕಾರಿಪುರ ಮತ್ತು ಸೊರಬ ನ್ಯಾಯಾಲಯಗಳಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿ, ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ಸಾಕು. ಬರೆಯಲು ಬಾರದವರ ಹೇಳಿಕೆಯನ್ನು ಕಛೇರಿಯಲ್ಲಿ ಬರೆದುಕೊಳ್ಳಲಾಗುವುದು.

ಏನು ದೊರೆಯುತ್ತದೆ: ಕಾನೂನು ಸಲಹೆ, ಅರ್ಜಿ ಸಿದ್ಧಪಡಿಸುವುದು, ಪ್ಯಾನಲ್ ವಕೀಲರ ನೇಮಕ, ನ್ಯಾಯಾಲಯ ಶುಲ್ಕ ಹಾಗೂ ನೋಟಿಸು ವೆಚ್ಚ, ದೃಢೀಕೃತ ಪ್ರತಿಗಳು. ನೇಮಕಗೊಂಡ ವಕೀಲರು ಅರ್ಜಿದಾರರಿಂದ ಯಾವುದೇ ಹಣವನ್ನು ಪಡೆಯತಕ್ಕದ್ದಲ್ಲ. ಹಣ ಕೇಳಿದಲ್ಲಿ ಅಥವಾ ಪ್ರಕರಣವನ್ನು ನಿರ್ಲಕ್ಷಿಸಿದಲ್ಲಿ ಸಮಿತಿಗೆ ಲಿಖಿತವಾಗಿ ದೂರು ನೀಡಿ ಬೇರೆ ವಕೀಲರನ್ನು ಕೋರಬಹುದು.

ಎದುರುದಾರರಾಗಿ ನೋಟಿಸು ಬಂದವರೂ ಈ ನೆರವನ್ನು ಪಡೆಯಬಹುದು. ನೋಟಿಸನ್ನು ಸ್ವೀಕರಿಸದಿರುವುದರಿಂದ ಪ್ರಕರಣ ನಿಲ್ಲುವುದಿಲ್ಲ. ಗೈರುಹಾಜರಿಯಲ್ಲಿ ಏಕಪಕ್ಷೀಯ ಆದೇಶವಾಗುವ ಸಂಭವವಿರುತ್ತದೆ.

9. ಖಾಸಗಿ ವಕೀಲರನ್ನು ಆರಿಸಿಕೊಳ್ಳುವವರ ಗಮನಕ್ಕೆ

ವಕೀಲರು ಜಾಹೀರಾತು ನೀಡಿ ಕಕ್ಷಿದಾರರನ್ನು ಸೆಳೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದುದರಿಂದ ತಾಲ್ಲೂಕು ವಕೀಲರ ಸಂಘದಲ್ಲಿ ವಿಚಾರಿಸಿ, ಕೌಟುಂಬಿಕ ಪ್ರಕರಣಗಳನ್ನು ನಡೆಸಿದ ಅನುಭವವುಳ್ಳವರನ್ನು ಆರಿಸಿಕೊಳ್ಳುವುದು ಸೂಕ್ತ. ಮಧ್ಯವರ್ತಿಗಳನ್ನು ನಂಬತಕ್ಕದ್ದಲ್ಲ. ವಕಾಲತ್ತಿಗೆ ಸಹಿ ಮಾಡುವ ಮುನ್ನ ಕೆಳಕಂಡ ವಿಷಯಗಳನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

• ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ.
• ಅರ್ಜಿಯನ್ನು ಯಾವ ಕಾನೂನಿನಡಿ, ಯಾವ ನ್ಯಾಯಾಲಯದಲ್ಲಿ ಸಲ್ಲಿಸಲಾಗುವುದು ಮತ್ತು ಏಕೆ.
• ಮಧ್ಯಂತರ ಅರ್ಜಿಯನ್ನು ಜೊತೆಗೇ ಸಲ್ಲಿಸಲಾಗುವುದೇ.
• ಒಟ್ಟು ಶುಲ್ಕವೆಷ್ಟು, ಯಾವ ಕಂತುಗಳಲ್ಲಿ, ಇತರ ಖರ್ಚುಗಳೇನು, ರಸೀದಿ ಕೊಡಲಾಗುವುದೇ.
• ಪ್ರತಿ ಮುದ್ದತ್ತಿಗೂ ಸ್ವತಃ ಹಾಜರಾಗುವರೇ, ಕಿರಿಯರನ್ನು ಕಳುಹಿಸುವರೇ.

ಮಗುವನ್ನು ಖಂಡಿತವಾಗಿ ಕೊಡಿಸುವುದಾಗಿ ಭರವಸೆ ನೀಡುವವರ ಬಗ್ಗೆ ಎಚ್ಚರವಹಿಸತಕ್ಕದ್ದು. ಫಲಿತಾಂಶದ ಭರವಸೆಯನ್ನು ಯಾರೂ ನೀಡಲಾಗದು. ಖಾಲಿ ಕಾಗದಕ್ಕೆ ಸಹಿ ಮಾಡತಕ್ಕದ್ದಲ್ಲ. ಮೂಲ ದಾಖಲೆಗಳನ್ನು ತಮ್ಮ ಬಳಿಯೇ ಇರಿಸಿಕೊಂಡು ನಕಲು ಪ್ರತಿಗಳನ್ನು ನೀಡತಕ್ಕದ್ದು. ಪ್ರಕರಣ ದಾಖಲಾದ ನಂತರ ದೊರೆಯುವ 16 ಅಕ್ಷರಾಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡಲ್ಲಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ದಿನಾಂಕ ಮತ್ತು ಆದೇಶಗಳನ್ನು ಸ್ವತಃ ನೋಡಬಹುದಾಗಿದೆ. ವಕೀಲರ ದುರ್ನಡತೆಯ ಬಗ್ಗೆ ವಕೀಲರ ಅಧಿನಿಯಮ, 1961ರ ಕಲಂ 35ರಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು.

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ಹಾಜರಾಗುವುದು ಕಕ್ಷಿದಾರರ ಹಕ್ಕಲ್ಲವೆಂದು 1984ರ ಅಧಿನಿಯಮದ ಕಲಂ 13ರಲ್ಲಿ ಹೇಳಲಾಗಿದ್ದು, ನ್ಯಾಯಾಲಯದ ಅನುಮತಿ ಅವಶ್ಯ. ಕಕ್ಷಿದಾರರು ಸ್ವತಃ ತಮ್ಮ ಅಹವಾಲನ್ನು ಹೇಳಿಕೊಳ್ಳಲೂ ಬಹುದಾಗಿದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪತಿಯ ಮನೆಯವರು ಮಗುವನ್ನು ಬಲವಂತವಾಗಿ ಇರಿಸಿಕೊಂಡಿದ್ದಾರೆ. ತಕ್ಷಣ ಏನು ಮಾಡಬೇಕು?
ಉತ್ತರ: ಮಗುವಿಗೆ ಅಪಾಯವಿದ್ದಲ್ಲಿ 112 ಅಥವಾ 1098ಕ್ಕೆ ಕರೆ ಮಾಡತಕ್ಕದ್ದು. ಹಿಂಸೆ ನಡೆದಿದ್ದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಕಂಡು ಕೌಟುಂಬಿಕ ಹಿಂಸೆಯ ಅರ್ಜಿ ಸಲ್ಲಿಸಬಹುದು. ಇವರು ಸಂರಕ್ಷಣಾಧಿಕಾರಿಗಳಾಗಿಯೂ ಕಾರ್ಯನಿರ್ವಹಿಸುತ್ತಾರೆ. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ನಿಗದಿಪಡಿಸತಕ್ಕದ್ದೆಂದು ಆ ಕಾನೂನಿನಲ್ಲಿದೆ. ಮಗುವನ್ನು ಕಾನೂನುಬಾಹಿರವಾಗಿ ಹಿಡಿದಿಟ್ಟ ಸಂದರ್ಭಗಳಲ್ಲಿ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೂ ಅವಕಾಶವಿದೆ. ಬಂಧುಗಳೊಡನೆ ಹೋಗಿ ಮಗುವನ್ನು ಕಿತ್ತುಕೊಂಡು ಬರುವುದು ಸರ್ವಥಾ ಸಲ್ಲದು.

ಪ್ರಶ್ನೆ: ಮರುಮದುವೆಯಾದರೆ ಸುಪರ್ದಿ ಕೈತಪ್ಪುತ್ತದೆಯೇ?
ಉತ್ತರ: ತಾನಾಗಿಯೇ ಕೈತಪ್ಪುವುದಿಲ್ಲ. ಹೊಸ ಮನೆಯಲ್ಲಿ ಮಗುವಿನ ಹಿತಕ್ಕೆ ಧಕ್ಕೆಯಾಗುವುದೇ ಎಂಬುದನ್ನು ನ್ಯಾಯಾಲಯವು ನೋಡುತ್ತದೆ.

ಪ್ರಶ್ನೆ: ಒಮ್ಮೆ ಆದೇಶವಾದ ಮೇಲೆ ಬದಲಾಯಿಸಲು ಸಾಧ್ಯವೇ?
ಉತ್ತರ: ಸಾಧ್ಯ. ಮಗು ಬೆಳೆದಂತೆ ಅಗತ್ಯಗಳೂ ಬದಲಾಗುವುದರಿಂದ, ಬದಲಾದ ಸನ್ನಿವೇಶವನ್ನು ವಿವರಿಸಿ ಮಾರ್ಪಾಡಿಗೆ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ಆದೇಶವಿದ್ದರೂ ಮಗುವನ್ನು ತೋರಿಸುತ್ತಿಲ್ಲ.
ಉತ್ತರ: ಪ್ರತಿ ಬಾರಿ ಹೋದ ದಿನಾಂಕ, ವೇಳೆ, ಬಸ್ ಟಿಕೆಟ್ ಮತ್ತು ಸಂದೇಶಗಳನ್ನು ಕಾಪಾಡಿಕೊಂಡು, ಆದೇಶ ನೀಡಿದ ನ್ಯಾಯಾಲಯಕ್ಕೇ ಅಮಲ್ಜಾರಿ ಅಥವಾ ಮಾರ್ಪಾಡಿನ ಅರ್ಜಿ ಸಲ್ಲಿಸತಕ್ಕದ್ದು.

ಪ್ರಶ್ನೆ: ಮಗಳು ತೀರಿಕೊಂಡಿದ್ದಾಳೆ. ಮೊಮ್ಮಗುವಿಗಾಗಿ ಅಜ್ಜ ಅಜ್ಜಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ತಾಯಿಯ ಸಾವಿಗೆ ಸಂಬಂಧಿಸಿದಂತೆ ತಂದೆಯ ಮೇಲೆ ಆರೋಪವಿದ್ದ ಪ್ರಕರಣವೊಂದರಲ್ಲಿ, ತಂದೆಗೆ ಸುಪರ್ದಿ ನೀಡಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ರದ್ದುಪಡಿಸಿ, ಮಗು ತಾಯಿಯ ತಂದೆ ತಾಯಿಯರ ಬಳಿ ಮುಂದುವರಿಯುವಂತೆ ಮಾಡಿದೆ.

ಪ್ರಶ್ನೆ: ಪತಿ ವಿದೇಶದಲ್ಲಿ ಉದ್ಯೋಗದಲ್ಲಿದ್ದು, ಮಗುವನ್ನು ಅಲ್ಲಿಗೆ ಕರೆದೊಯ್ಯುವ ಆತಂಕವಿದೆ.
ಉತ್ತರ: ಮಕ್ಕಳ ಅಂತರರಾಷ್ಟ್ರೀಯ ಅಪಹರಣಕ್ಕೆ ಸಂಬಂಧಿಸಿದ 1980ರ ಹೇಗ್ ಒಪ್ಪಂದಕ್ಕೆ ಭಾರತವು ಸೇರಿರುವುದಿಲ್ಲ. ಹೊರಗೆ ಹೋದ ಮಗುವನ್ನು ಮರಳಿ ತರುವುದು ಕಷ್ಟಸಾಧ್ಯವಾದ್ದರಿಂದ, ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ಹೊರದೇಶಕ್ಕೆ ಕರೆದೊಯ್ಯದಂತೆ ಮಧ್ಯಂತರ ಆದೇಶವನ್ನು ಮೊದಲೇ ಕೋರತಕ್ಕದ್ದು.

11. ಸಂಪರ್ಕ

• ಕಾನೂನು ನೆರವು ಸಹಾಯವಾಣಿ: 15100
• ಮಕ್ಕಳ ಸಹಾಯವಾಣಿ: 1098
• ಮಹಿಳಾ ಸಹಾಯವಾಣಿ: 181
• ತುರ್ತು ನೆರವು: 112
• ಅಧ್ಯಕ್ಷರು, ತಾಲ್ಲೂಕು ಕಾನೂನು ಸೇವಾ ಸಮಿತಿ, ಶಿಕಾರಿಪುರ / ಸೊರಬ
• ಸದಸ್ಯ ಕಾರ್ಯದರ್ಶಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಶಿವಮೊಗ್ಗ
• ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿ, ಶಿಕಾರಿಪುರ / ಸೊರಬ
• ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ನ್ಯಾಯದೇಗುಲ, ಎಚ್. ಸಿದ್ದಯ್ಯ ರಸ್ತೆ, ಬೆಂಗಳೂರು

ವಿಶೇಷ ಸೂಚನೆ: ಈ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಪ್ರತಿಯೊಂದು ಮಗುವಿನ ಸನ್ನಿವೇಶವೂ ಭಿನ್ನವಾಗಿರುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ವಕೀಲರ ಅಥವಾ ಕಾನೂನು ಸೇವಾ ಸಮಿತಿಯ ಸಲಹೆಯನ್ನು ಪಡೆಯತಕ್ಕದ್ದು. ಸಮಿತಿಯ ಕಛೇರಿಗೆ ಬರುವಾಗ ಮಗುವಿನ ಜನನ ಪ್ರಮಾಣ ಪತ್ರ ಮತ್ತು ಯಾವುದಾದರೂ ನೋಟಿಸು ಬಂದಿದ್ದಲ್ಲಿ ಅದರ ಪ್ರತಿಯನ್ನು ತಪ್ಪದೆ ತರತಕ್ಕದ್ದು.